ಸಕ್ಕರೆ ಪಕ್ಕದಲ್ಲಿಟ್ಟ ಕಾಫಿ: ಹದಿಮೂರು ವರ್ಷದ ಗಿರಾಕಿಯ ಅನುಭವ

2012ರಿಂದ ಮೈಸೂರಿನಲ್ಲಿ ಒಂದೇ ಕೆಫೆಗೆ ಹೋಗುತ್ತಿದ್ದೇನೆ. ಹತ್ತಾರು ಊರುಗಳಲ್ಲಿ ಶಾಖೆಗಳಿರುವ ಸಂಸ್ಥೆ. ದೂರುಗಳೂ ಇರುವುದರಿಂದ ಹೆಸರು ಬೇಡ. ವಾರಕ್ಕೆ ಎರಡು ಸಲವೆಂದರೂ ಸಾವಿರ ಲೋಟ ದಾಟಿದೆ.

ಮೊದಲು ಹೋದದ್ದು ಕಾಫಿಗಲ್ಲ, ಕುರ್ಚಿಗೆ. ನಾನು ಪದವಿಪೂರ್ವ ಕಾಲೇಜಿನ ಉಪನ್ಯಾಸಕಿ. ಕಿರುಪರೀಕ್ಷೆಯ ಉತ್ತರಪತ್ರಿಕೆ ತಿದ್ದಲು ಸರಸ್ವತೀಪುರದ ನಮ್ಮ ಪುಟ್ಟ ಮನೆಯಲ್ಲಿ ಮೂಲೆಯಿರಲಿಲ್ಲ. ಹೋಟೆಲಿನಲ್ಲಿ ಲೋಟ ಬರಿದಾಗುವ ಮೊದಲೇ ಬೆನ್ನ ಹಿಂದೆ ಮತ್ತೊಬ್ಬರು ನಿಂತಿರುತ್ತಾರೆ. ಹೆಂಗಸೊಬ್ಬಳು ಗಂಟೆಗಟ್ಟಲೆ ಕುಳಿತರಂತೂ ಎಲ್ಲರ ಕಣ್ಣೂ ಅವಳ ಮೇಲೆ. ಇಲ್ಲಿ ಎರಡೂವರೆ ಗಂಟೆ ಕುಳಿತರೂ ಯಾರೂ ಏಳಿಸಲಿಲ್ಲ. ಇದು ಸಣ್ಣ ಉಪಕಾರವಲ್ಲ. 1996ರಲ್ಲಿ ಚಿಕ್ಕಮಗಳೂರಿನ ವಿ.ಜಿ. ಸಿದ್ಧಾರ್ಥ ಅವರು ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದಾಗ ಅಲ್ಲಿ ಕಾಫಿಯ ಜೊತೆ ಇಂಟರ್ನೆಟ್ ಕೂಡ ಇತ್ತು. ಕುಳಿತುಕೊಳ್ಳುವ ಹೊತ್ತಿಗೂ ಬೆಲೆ ಕಟ್ಟಬಹುದು ಎಂಬುದು ಅಂದೇ ಗೊತ್ತಾಗಿತ್ತು.

ನನ್ನ ನಾಲಗೆಯನ್ನು ತಿದ್ದಿದ್ದು ಮಾತ್ರ ಸಕ್ಕರೆಯ ಪೊಟ್ಟಣ. ನಮ್ಮ ಹೋಟೆಲುಗಳಲ್ಲಿ ಮೊದಲೇ ಹೇಳದಿದ್ದರೆ ಕಾಫಿ ಸಿಹಿಯಾಗಿಯೇ ಬರುತ್ತದೆ. ಇಲ್ಲಿ ಸಕ್ಕರೆ ಪಕ್ಕದಲ್ಲಿರುತ್ತದೆ. ಒಂದು ದಿನ ಪತ್ರಿಕೆಗಳ ನಡುವೆ ಹಾಕಿಕೊಳ್ಳಲು ಮರೆತೆ. ಅರ್ಧ ಕುಡಿದ ಮೇಲೆ ಅರಿವಾಯಿತು. ಕಹಿಯಿತ್ತು, ಆದರೆ ಹಿತವಾದ ಕಹಿ. ಮನೆಯಲ್ಲಿಯೂ ಸಕ್ಕರೆ ಬಿಟ್ಟು ಕುಡಿದು ನೋಡಿದೆ. ಗಂಟಲಲ್ಲಿ ಸುಟ್ಟ ಬೆಲ್ಲದಂಥ ಒಗರು ಉಳಿಯಿತು. ಪುಡಿಯ ಪೊಟ್ಟಣ ತಿರುಗಿಸಿ ಓದಿದರೆ ಚಿಕೋರಿ, ಅಂದರೆ ಕಾಫಿಗೆ ಬೆರೆಸುವ ಹುರಿದ ಬೇರಿನ ಪುಡಿ, ಶೇ 40! ನಿಯಮದ ಪ್ರಕಾರ ಶೇ 49ರವರೆಗೂ ಬೆರೆಸಬಹುದು, ಪ್ರಮಾಣವನ್ನು ಮುದ್ರಿಸಿರಬೇಕು ಅಷ್ಟೆ. ಇಷ್ಟು ವರ್ಷ ನಾನು ಅದನ್ನು ಓದಿಯೇ ಇರಲಿಲ್ಲ. ಮರುದಿನವೇ ಪುಡಿ ಅಂಗಡಿಯಲ್ಲಿ ಚಿಕೋರಿ ಬೇಡವೆಂದು ಪೀಬರಿ, ರೊಬಸ್ಟಾ ಕಾಫಿ ಬೀಜಗಳನ್ನು ಸೇರಿಸಿ ಬೀಸಿಸಿದೆ. "ಡಿಕಾಕ್ಷನ್ ನೀರಾಯಿತಲ್ಲಮ್ಮಾ" ಎಂದರು ಅತ್ತೆ. ಅವರು ಹೇಳಿದ್ದು ಸರಿ. ಆ ಗಟ್ಟಿತನ, ಕಪ್ಪು ಬಣ್ಣ ಚಿಕೋರಿಯದೇ. ಈಗ ಶೇ 15ಕ್ಕೆ ಇಬ್ಬರೂ ಒಪ್ಪಿದ್ದೇವೆ.

ಇನ್ನು ದೂರುಗಳು. ಅಂದು 70 ರೂಪಾಯಿಯ ಆಸುಪಾಸಿನಲ್ಲಿದ್ದ ಕ್ಯಾಪುಚಿನೊ ಈಗ 220. 2020ರಲ್ಲಿ ಹೋದ ಪಿಂಗಾಣಿ ಕಪ್ಪುಗಳು ಮರಳಿ ಬರಲಿಲ್ಲ; ಕಾಗದದ ಲೋಟದಲ್ಲಿ ಮೊದಲು ಮೂಗಿಗೆ ತಾಗುವುದು ಕಾಗದದ ವಾಸನೆ. ಕಳೆದ ವರ್ಷ ಪಟ್ಟಿಗೆ "ಫಿಲ್ಟರ್ ಕಾಫಿ" ಸೇರಿಸಿದರು. ಅದು ಎಸ್ಪ್ರೆಸೊಗೆ ಬಿಸಿ ಹಾಲು ಸುರಿದದ್ದು. ಯಂತ್ರ ಒತ್ತಡ ಹಾಕಿ ಅರ್ಧ ನಿಮಿಷದಲ್ಲಿ ರಸ ಹಿಂಡುತ್ತದೆ. ಫಿಲ್ಟರಿನಲ್ಲಿ ನೀರು ತನ್ನ ಭಾರಕ್ಕೆ ತಾನೇ ಹನಿಹನಿಯಾಗಿ ಇಳಿಯಬೇಕು. ಕಾಯಲಾರದವರು ಆ ಹೆಸರನ್ನು ಬಳಸಬಾರದು.

ನನಗೆ ನಿಜವಾಗಿ ನೋವಾದದ್ದು ಬೈಟು ವಿಷಯದಲ್ಲಿ. ಸಹೋದ್ಯೋಗಿಯೊಂದಿಗೆ ಹೋಗಿ ಇನ್ನೊಂದು ಖಾಲಿ ಲೋಟ ಕೇಳಿದೆ. ಕೊಡುವಂತಿಲ್ಲ, ಲೆಕ್ಕವಿದೆ ಎಂದ ಕೌಂಟರಿನ ಹುಡುಗ. ಪಾಪ, ಅವನದೇನೂ ತಪ್ಪಿಲ್ಲ. ಬೈಟು ಎಂದರೆ ಬರೀ ಉಳಿತಾಯವಲ್ಲ. ಇಂದು ನೀವು ಕೊಟ್ಟರೆ ನಾಳೆ ನಾನು ಕೊಡುತ್ತೇನೆ, ಹಾಗಾಗಿ ನಾಳೆಯೂ ಸಿಗುತ್ತೇವೆ. ನನ್ನ ವಿದ್ಯಾರ್ಥಿನಿಯರು ಇಲ್ಲಿ ಒಂದೇ ಮೇಜಿಗೆ ಕುಳಿತು ತಮ್ಮ ತಮ್ಮ ಲೋಟಕ್ಕೆ ಮೊಬೈಲಿನಲ್ಲಿ ತಾವೇ ಹಣ ಕಟ್ಟುತ್ತಾರೆ. ನೋಡಿದಾಗ ಕಸಿವಿಸಿಯಾಗುತ್ತದೆ.

ಆದರೂ ಹೋಗುವುದನ್ನು ಬಿಟ್ಟಿಲ್ಲ. ಓದುವ, ಬರೆಯುವ ಕೆಲಸವಿದ್ದವರು, ಅದರಲ್ಲೂ ಒಬ್ಬರೇ ಇರಬಯಸುವ ಹೆಣ್ಣುಮಕ್ಕಳು, ಬೆಳಿಗ್ಗೆ ಹನ್ನೊಂದರೊಳಗೆ ಹೋಗಿ. ಕಿಟಕಿಯ ಪಕ್ಕದ ಮೇಜು ಸಿಗುತ್ತದೆ. ಚಿಕ್ಕ ಕ್ಯಾಪುಚಿನೊ ಸಾಕು, ಸಕ್ಕರೆ ಹಾಕಬೇಡಿ. ಫಿಲ್ಟರ್ ಕಾಫಿ ಮಾತ್ರ ಅಲ್ಲಿ ಕೇಳಲೇಬೇಡಿ.