ಮೂವತ್ತೊಂದು ಡಿವಿಡಿ, ಐದು ಸಾಫ್ಟ್‌ವೇರ್: ಯಾವ್ದು ಯಾವ್ದಕ್ಕೆ ಆಗುತ್ತೆ

ಈ ಮಳೆಗಾಲದಲ್ಲಿ ಅಮ್ಮ ಬೀರು ಖಾಲಿ ಮಾಡ್ತಾ ಇದ್ದಾಗ ಸೀರೆಗಳ ಅಡಿಯಿಂದ ಒಂದು ಬಿಸ್ಕತ್ ಡಬ್ಬ ಸಿಕ್ತು, ಅದ್ರ ತುಂಬ ಡಿವಿಡಿ. ಅಣ್ಣನ ಮದುವೆ, ಅಕ್ಕನ ಮದುವೆ, ಗೃಹಪ್ರವೇಶ, ಯಾರದ್ದೋ ನಾಮಕರಣ, ಎಣಿಸಿದ್ರೆ ಮೂವತ್ತೊಂದು. ಮೂಡಿಗೆರೆ ಕಡೆ ಮನೆ ಅಂದ್ರೆ ಗೊತ್ತಲ್ಲ, ಜೂನ್ ಬಂತು ಅಂದ್ರೆ ಚಪ್ಪಲಿಗೂ ಬೂಷ್ಟು ಬೆಲ್ಟಿಗೂ ಬೂಷ್ಟು, ಡಿಸ್ಕನ್ನ ಮಾತ್ರ ಬಿಡುತ್ತಾ? ಏಳೆಂಟು ಡಿಸ್ಕಿನ ಮೇಲೆ ಬಿಳೀ ಜೇಡನ ಬಲೆ ಥರ ಹಬ್ಬಿತ್ತು.

ಚಿಕ್ಕಮಗಳೂರಲ್ಲಿ ಒಂದು ಅಂಗಡಿಗೆ, ಹೆಸರು ಬೇಡ ಬಿಡಿ, ಕಂಪ್ಯೂಟರ್ ಫೈಲ್ ಮಾಡಿಕೊಡಿ ಅಂತ ಮೊದ್ಲು ಮೂರು ಡಿಸ್ಕ್ ಕೊಟ್ಟು ನೋಡ್ದೆ, ಡಿಸ್ಕಿಗೆ ನೂರೈವತ್ತು ರೂಪಾಯಿ. ಪೆನ್‌ಡ್ರೈವಲ್ಲಿ ವಾಪಸ್ ಬಂದಿದ್ದು ಎರಡು ಗಂಟೆ ಮದುವೆಗೆ 350 ಎಂಬಿ ಫೈಲು. ಧಾರೆ ಎರೆಯೋದನ್ನ ಕೊಟ್ಟಿಗೆಹಾರದ ಮಂಜಲ್ಲಿ ನಿಂತು ಶೂಟ್ ಮಾಡಿದ ಹಾಗಿತ್ತು. ಯಾರು ಯಾರಿಗೆ ಅಕ್ಷತೆ ಹಾಕ್ತಿದ್ದಾರೆ ಅಂತಾನೇ ಗೊತ್ತಾಗಲ್ಲ. ಆವತ್ತೇ ಯುಎಸ್‌ಬಿ ಡಿವಿಡಿ ಡ್ರೈವ್ ಒಂದು ತಗೊಂಡೆ, ಸಾವಿರದ ಐನೂರು ಚಿಲ್ಲರೆ ಆಯ್ತು, ಈಗಿನ ಲ್ಯಾಪ್‌ಟಾಪಲ್ಲಿ ಡ್ರೈವ್ ಎಲ್ಲಿರುತ್ತೆ ಹೇಳಿ.

ಒಂದು ವಿಷ್ಯ ಮೊದ್ಲೇ ಹೇಳ್ಬಿಡ್ತೀನಿ, ಮದುವೆ ಡಿವಿಡಿಗೆ ಲಾಕ್ ಇರಲ್ಲ. ಅಂಗಡಿಯಲ್ಲಿ ಮಾರೋ ಸಿನಿಮಾ ಡಿಸ್ಕಿಗೆ ಸಾಮಾನ್ಯವಾಗಿ ಸಿಎಸ್‌ಎಸ್ ಅನ್ನೋ ಬೀಗ ಇರುತ್ತೆ. ಅದನ್ನ ಒಡೆಯೋ ವಿಚಾರಕ್ಕೆ 2012ರಲ್ಲಿ ಕಾಪಿರೈಟ್ ಕಾಯ್ದೆಗೆ 65ಎ ಅಂತ ಒಂದು ಸೆಕ್ಷನ್ನೇ ಸೇರ್ಸಿದ್ದಾರೆ, ನಾನು ಆ ಕಡೆ ಹೋಗಿಲ್ಲ. ನಮ್ಮನೆ ಡಿಸ್ಕ್ ತೆರೆದ್ರೆ ವಿಡಿಯೋ ಟಿಎಸ್ ಅಂತ ಒಂದು ಫೋಲ್ಡರ್, ಒಳಗೆ ಒಂದೊಂದು ಜಿಬಿಗೆ ತುಂಡು ಮಾಡಿದ ವಿಒಬಿ ಫೈಲುಗಳು. ಡಿಸ್ಕ್ ಚೆನ್ನಾಗಿದ್ರೆ ಆ ಫೋಲ್ಡರನ್ನ ಹಾಗೇ ಕಾಪಿ ಪೇಸ್ಟ್ ಮಾಡಿದ್ರೂ ಬ್ಯಾಕಪ್ ಆಯ್ತು, ವಿಎಲ್‌ಸಿ ಅನ್ನೋ ವಿಡಿಯೋ ಪ್ಲೇಯರಲ್ಲಿ ಓಡುತ್ತೆ, ಬೇರೆ ಯಾವ ಸಾಫ್ಟ್‌ವೇರೂ ಬೇಡ. ಹಾಗಿದ್ರೆ ಈ ರಿವ್ಯೂ ಯಾಕೆ ಅಂದ್ರೆ ತುಂಡು ತುಂಡಾಗಿ ನೋಡೋಕೆ ಬೇಜಾರು, ಆಮೇಲೆ ಬೂಷ್ಟು ಹಿಡಿದ ಡಿಸ್ಕಿಗೆ ಬಂದ ತಕ್ಷಣ ವಿಂಡೋಸು ಸೈಕ್ಲಿಕ್ ರಿಡಂಡೆನ್ಸಿ ಚೆಕ್ ಅಂತ ಏನೋ ಮಂತ್ರ ಹೇಳಿ ನಿಲ್ಲಿಸಿಬಿಡುತ್ತೆ.

ಮೊದ್ಲು ಹಿಡಿದಿದ್ದು ಹ್ಯಾಂಡ್‌ಬ್ರೇಕ್, ಎಲ್ಲರೂ ಅದನ್ನೇ ಹೇಳ್ತಾರೆ ಅಂತ. ಫ್ರೀ, ಓಪನ್ ಸೋರ್ಸ್, ಎಂಪಿ4 ಮಾಡಿಕೊಡುತ್ತೆ, 576ಪಿ ಪ್ರೀಸೆಟ್, ಅಂದ್ರೆ ಮೊದ್ಲೇ ಮಾಡಿಟ್ಟ ಸೆಟ್ಟಿಂಗು, ರೆಡಿ ಇದೆ, ನಮ್ಮ ದೇಶದ ಟಿವಿ ಪದ್ಧತಿ ಪಾಲ್, ಆ ಡಿವಿಡಿ ಚಿತ್ರದ ಸೈಜೇ 720 ಇಂಟು 576, ಸರಿಹೊಂದುತ್ತೆ. ಆದ್ರೆ ಇದು ಪ್ರತೀ ಸಲ ವಿಡಿಯೋನ ಮತ್ತೆ ಎನ್‌ಕೋಡ್ ಮಾಡುತ್ತೆ, ಅಂದ್ರೆ ಬಿಚ್ಚಿ ಹೊಸದಾಗಿ ಕುಗ್ಗಿಸುತ್ತೆ, ಕಾಫಿ ಸೋಸಿದ ಗಸಿಗೆ ಇನ್ನೊಂದು ಸಲ ನೀರು ಬಿಟ್ಟ ಹಾಗೆ, ಸ್ವಲ್ಪ ಆದ್ರೂ ಕಳ್ಕೊಳ್ಳುತ್ತೆ. ನಾನು ಮಾಡಿದ ದಡ್ಡತನ ಏನಂದ್ರೆ ಬೇಗ ಆಗ್ಲಿ ಅಂತ ಫಿಲ್ಟರೆಲ್ಲ ಆಫ್ ಮಾಡಿ ರಾತ್ರಿ ಇಡೀ ಒಂಬತ್ತು ಡಿಸ್ಕ್ ಓಡ್ಸಿದ್ದು. ಬೆಳಿಗ್ಗೆ ನೋಡಿದ್ರೆ ಅತ್ತಿಗೆ ಕೈ ಎತ್ತಿದಾಗೆಲ್ಲ ಬಳೆ ಸುತ್ತ, ಸೀರೆ ಅಂಚಲ್ಲಿ, ಬಾಚಣಿಗೆ ಹಲ್ಲಿನ ಥರ ಗೆರೆ ಗೆರೆ. ಹಳೇ ಕ್ಯಾಮೆರಾದವು ಇಂಟರ್‌ಲೇಸ್ಡ್ ವಿಡಿಯೋ, ಒಂದು ಫ್ರೇಮಲ್ಲಿ ಎರಡು ಕ್ಷಣದ ಅರ್ಧರ್ಧ ಗೆರೆ ಇರುತ್ತೆ, ಆ ಗೆರೆ ತೆಗೆಯೋ ಡಿಕಾಂಬ್ ಫಿಲ್ಟರ್ ಆನ್ ಇಡ್ಲೇಬೇಕು. ಅದ್ರಲ್ಲೇ ಬಾಬ್ ಅಂತ ಒಂದು ಆಯ್ಕೆ ಇದೆ, ಸೆಕೆಂಡಿಗೆ 25 ಫ್ರೇಮು ಇದ್ದಿದ್ದು 50 ಆಗುತ್ತೆ, ವಾಲಗದವರ ಕೈ ಓಡೋದು ನೋಡಿದ್ರೆ ವ್ಯತ್ಯಾಸ ಗೊತ್ತಾಗುತ್ತೆ. ಒಂಬತ್ತೂ ಮತ್ತೆ ಮಾಡ್ದೆ.

ಮೇಕ್‌ಎಂಕೆವಿ ಸಿಕ್ಕಿದ್ಮೇಲೆ ಇದು ಮೊದ್ಲೇ ಯಾಕೆ ಗೊತ್ತಾಗ್ಲಿಲ್ಲ ಅನ್ನಿಸ್ತು. ಎನ್‌ಕೋಡ್ ಗಿನ್‌ಕೋಡ್ ಏನೂ ಇಲ್ಲ, ಡಿಸ್ಕಲ್ಲಿ ಇರೋ ವಿಡಿಯೋ ಆಡಿಯೋ ಇದ್ದ ಹಾಗೇ ತೆಗೆದು ಒಂದು ಎಂಕೆವಿ ಫೈಲಿಗೆ ತುಂಬುತ್ತೆ, ಚಾಪ್ಟರ್ ಸಮೇತ. ಒಂದು ಡಿಸ್ಕಿಗೆ ಕಾಲು ಗಂಟೆ, ಒಂದು ಲೋಟ ಕಾಫಿ ಮುಗಿಯೋದ್ರೊಳಗೆ. ಬ್ಲೂರೇಗೆ ಮಾತ್ರ ಮುಂದೆ ದುಡ್ಡು ಅಂತಾರೆ, ಡಿವಿಡಿಗೆ ಯಾವಾಗ್ಲೂ ಫ್ರೀ ಅಂತ ಅವರೇ ಬರ್ಕೊಂಡಿದ್ದಾರೆ. ಮೆನು ಮಾತ್ರ ಹೋಗುತ್ತೆ, ಆ ಗುಲಾಬಿ ಹೂವು ತಿರುಗೋ ಹಾರ್ಟ್ ಶೇಪಿನ ಮೆನು ಹೋದ್ರೆ ನಂಗಂತೂ ಹಬ್ಬ. ಒಂದು ಎಚ್ಚರಿಕೆ: 120 ಸೆಕೆಂಡಿಗಿಂತ ಚಿಕ್ಕ ಟೈಟಲ್, ಅಂದ್ರೆ ಡಿಸ್ಕಲ್ಲಿ ಬೇರೆಯಾಗಿ ಇರೋ ವಿಡಿಯೋ ತುಂಡು, ಇದ್ರೆ ಅದು ಡೀಫಾಲ್ಟಾಗಿ ಬಿಟ್ಟುಬಿಡುತ್ತೆ. ಅಕ್ಕನ ಮಗು ಮೊದ್ಲ ಹೆಜ್ಜೆ ಇಟ್ಟ ಐವತ್ತು ಸೆಕೆಂಡಿನ ತುಂಡು ಹಾಗೇ ತಪ್ಪಿಹೋಗಿತ್ತು. ಸೆಟ್ಟಿಂಗ್ಸಲ್ಲಿ ಆ ನಂಬರನ್ನ ಹತ್ತಕ್ಕೆ ಇಳಿಸಿ, ಮರೀಬೇಡಿ.

ಇಮ್ಗ್‌ಬರ್ನ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಕೊನೇ ವರ್ಷನ್ ಬಂದಿದ್ದು 2013ರಲ್ಲಿ, ಆದ್ರೂ ನೆಟ್ಟಗೆ ಕೆಲ್ಸ ಮಾಡುತ್ತೆ, ಇಡೀ ಡಿಸ್ಕನ್ನ ಮೆನು ಸಮೇತ ಒಂದೇ ಐಎಸ್‌ಒ ಫೈಲ್ ಮಾಡುತ್ತೆ. ಇನ್‌ಸ್ಟಾಲ್ ಮಾಡುವಾಗ ಬೇಡದ ಬೇರೆ ಸಾಫ್ಟ್‌ವೇರಿಗೆ ಟಿಕ್ ಇದ್ರೆ ತೆಗೀರಿ. ಐಎಸ್‌ಒ ನಾಲ್ಕು ಜಿಬಿ ದಾಟಿದ್ರೆ ಫ್ಯಾಟ್32 ಅನ್ನೋ ಹಳೇ ಫಾರ್ಮ್ಯಾಟಿನ ಪೆನ್‌ಡ್ರೈವಿಗೆ ಹೋಗಲ್ಲ, ಎಕ್ಸ್‌ಫ್ಯಾಟ್ ಫಾರ್ಮ್ಯಾಟ್ ಮಾಡ್ಕೋಬೇಕು, ಜಾಗ ಇದ್ರೂ ಜಾಗ ಇಲ್ಲ ಅನ್ನುತ್ತಲ್ಲ ಅಂತ ನಾನು ಅರ್ಧ ದಿನ ತಲೆ ಕೆಡಿಸ್ಕೊಂಡೆ.

ಈಗ ಬೂಷ್ಟಿನ ಡಿಸ್ಕುಗಳು. ಮೊದ್ಲು ತೊಳೀಬೇಕು, ಸೋಪು ನೀರಲ್ಲಿ, ಹಳೇ ಕಾಟನ್ ಪಂಚೆ ತುಂಡಿಂದ ನಡುವಿಂದ ಅಂಚಿಗೆ ನೇರವಾಗಿ ಒರೆಸೋದು, ಗುಂಡಗೆ ಉಜ್ಜಬಾರದು. ಆಮೇಲೆ ನೆರಳಲ್ಲಿ ಒಣಗಿಸೋದು, ಜುಲೈಯಲ್ಲಿ ನಮ್ಮಲ್ಲಿ ಬೇರೆ ಏನಿದೆ ನೆರಳು ಬಿಟ್ಟು. ಹಾಗೆ ಮಾಡಿ ಐದು ಬದುಕಿದ್ವು. ಎರಡು ಮಾತ್ರ ಜಪ್ಪಯ್ಯ ಅನ್ನಲಿಲ್ಲ, ಅದ್ರಲ್ಲಿ ಒಂದು ಅಣ್ಣನ ಮದುವೆ ಎರಡನೇ ಡಿಸ್ಕು, ಅಜ್ಜಿ ಆರತಿ ತಟ್ಟೆ ಹಿಡ್ಕೊಂಡು ಬರೋ ಜಾಗಕ್ಕೆ ಸರಿಯಾಗಿ ಹಸಿರು ಚೌಕ ಚೌಕ ಬಂದು ನಿಲ್ಲುತ್ತೆ. ಅಜ್ಜಿದು ಬೇರೆ ವಿಡಿಯೋನೇ ಇಲ್ಲ ನಮ್ಮತ್ರ.

ಇಲ್ಲಿ ಕೈ ಹಿಡಿದಿದ್ದು ಡಿಡಿ ರೆಸ್ಕ್ಯೂ. ವಿಂಡೋಸ್ ಬದಲು ಬಳಸೋ ಲಿನಕ್ಸಲ್ಲಿ ಓಡೋದು, ಬಟನ್ ಗಿಟನ್ ಇಲ್ಲ, ಕಪ್ಪು ಸ್ಕ್ರೀನಲ್ಲಿ ಟೈಪ್ ಮಾಡೋದು, ನಾನು ಪೆನ್‌ಡ್ರೈವಿಂದ ಲಿನಕ್ಸ್ ಮಿಂಟ್ ಬೂಟ್ ಮಾಡ್ಕೊಂಡೆ. ಇದ್ರ ಜಾಣತನ ನೋಡಿ, ಬೇರೆಯವು ಕೆಟ್ಟ ಜಾಗ ಸಿಕ್ಕಿದ್ರೆ ಅಲ್ಲೇ ತಲೆ ಚಚ್ಕೊಳ್ಳುತ್ವೆ, ಇದು ಅದನ್ನ ದಾಟಿ ಮುಂದೆ ಹೋಗಿ ಮೊದ್ಲು ಸುಲಭಕ್ಕೆ ಸಿಗೋದೆಲ್ಲ ಬಾಚ್ಕೊಳ್ಳುತ್ತೆ, ಎಲ್ಲೆಲ್ಲಿ ಬಿಟ್ಟೆ ಅಂತ ಮ್ಯಾಪ್ ಫೈಲಲ್ಲಿ ಬರ್ಕೊಳ್ಳುತ್ತೆ, ಆಮೇಲೆ ವಾಪಸ್ ಬಂದು ಬಿಟ್ಟಿದ್ದನ್ನ ಮಾತ್ರ ಚೂರು ಚೂರಾಗಿ ಕೆರೆಯುತ್ತೆ. ಮೊದ್ಲ ಸುತ್ತಿಗೆ 38 ಎಂಬಿ ಬಾಕಿ ಇತ್ತು. ರಾತ್ರಿ ಎರಡು ಸಲ ಕರೆಂಟ್ ಹೋಯ್ತು, ಲ್ಯಾಪ್‌ಟಾಪ್ ಬ್ಯಾಟರಿನೂ ಸತ್ತೋಯ್ತು, ಆದ್ರೂ ಮ್ಯಾಪ್ ಫೈಲ್ ಇದ್ದಿದ್ರಿಂದ ಬಿಟ್ಟಲ್ಲಿಂದಾನೇ ಶುರು. ಬೆಳಿಗ್ಗೆ ಹೊತ್ತಿಗೆ 2 ಎಂಬಿ ಬಾಕಿ, ಅದಕ್ಕಿಂತ ಕೆಳಗೆ ಇಳೀಲೇ ಇಲ್ಲ. ಆಗ ಫ್ರೆಂಡ್ ಒಬ್ಬ ಹೇಳ್ದ, ಡ್ರೈವ್ ಬದಲಾಯ್ಸಿ ನೋಡೋ ಮಾರಾಯಾ, ಒಂದೊಂದು ಲೆನ್ಸ್ ಒಂದೊಂದು ಥರ ಓದುತ್ತೆ ಅಂತ. ಅವನ ಹಳೇ ಡೆಸ್ಕ್‌ಟಾಪಿಗೆ ಅದೇ ಡಿಸ್ಕು, ಅದೇ ಮ್ಯಾಪ್ ಫೈಲು, ಅರ್ಧಂಬರ್ಧ ಐಎಸ್‌ಒನೂ ಹಾಕಿ ಬಿಟ್ವಿ. ಉಳಿದಿದ್ದು 300 ಕೆಬಿ. ಅಜ್ಜಿ ಮುಖದ ಮೇಲೆ ಒಂದು ಸಲ ಚೌಕ ಮಿನುಗುತ್ತೆ, ಆಮೇಲೆ ತಟ್ಟೆ ಇಳಿಸಿ ಕ್ಯಾಮೆರಾದವ್ನಿಗೆ ಆ ಕಡೆ ಹೋಗಪ್ಪ ಅಂತ ಗದರೋ ತನಕ ಪೂರ್ತಿ ಇದೆ. ಇನ್ನೊಂದು ಡಿಸ್ಕು ಬರಲೇ ಇಲ್ಲ, ಮೇಲಿನ ಪದರಾನೇ ಎದ್ದುಹೋಗಿತ್ತು, ಅದಕ್ಕೆ ಯಾವ ಸಾಫ್ಟ್‌ವೇರೂ ಏನೂ ಮಾಡಕ್ಕಾಗಲ್ಲ.

ಚಿಕ್ಕಪ್ಪನ ಹಳೇ ಕ್ಯಾಮೆರಾದ ಚಿಕ್ಕ ಡಿಸ್ಕು, 8 ಸೆಂಟಿಮೀಟರಿಂದು, ಅದೂ ಎರಡಿತ್ತು. ವಿಂಡೋಸಲ್ಲಿ ಖಾಲಿ ಡಿಸ್ಕ್ ಅಂತ ತೋರ್ಸುತ್ತೆ. ಖಾಲಿ ಅಲ್ಲ, ಕ್ಯಾಮೆರಾದಲ್ಲಿ ಫೈನಲೈಸ್, ಅಂದ್ರೆ ರೆಕಾರ್ಡಿಂಗ್ ಮುಗೀತು ಅಂತ ಡಿಸ್ಕನ್ನ ಮುಚ್ಚೋ ಕೆಲ್ಸ, ಮಾಡಿರಲಿಲ್ಲ ಅಷ್ಟೆ. ಐಸೋಬಸ್ಟರ್ ಹಾಕಿದ್ರೆ ಒಳಗಿರೋದು ಕಾಣ್ಸುತ್ತೆ, ಕೆಲವು ಕೆಲ್ಸಕ್ಕೆ ಲೈಸೆನ್ಸ್ ಕೇಳುತ್ತೆ, ನಾನು ದುಡ್ಡು ಕೊಟ್ಟೆ, ಪಶ್ಚಾತ್ತಾಪ ಇಲ್ಲ. ಇಂಥ ಡಿಸ್ಕ್ ಇದ್ರೆ ದಯವಿಟ್ಟು ಖಾಲಿ ಅಂತ ತಿಳ್ಕೊಂಡು ಮೇಲೆ ಏನೂ ಬರ್ನ್ ಮಾಡ್ಬೇಡಿ.

ಈಗ ನಾನು ಮಾಡೋದು ಹೀಗೆ: ಚೆನ್ನಾಗಿರೋ ಡಿಸ್ಕಿಗೆ ಮೇಕ್‌ಎಂಕೆವಿ, ಹಟ ಮಾಡೋದಕ್ಕೆ ಡಿಡಿ ರೆಸ್ಕ್ಯೂ, ಇವೆರಡೂ ಹಾರ್ಡ್‌ಡಿಸ್ಕಲ್ಲಿ ಸೇಫಾಗಿ ಕೂತ ಮೇಲೆ ಮಾತ್ರ ಮನೆಯವರಿಗೆ ಹಂಚೋಕೆ ಹ್ಯಾಂಡ್‌ಬ್ರೇಕಲ್ಲಿ ಎಂಪಿ4. ಎಲ್ಲ ಸೇರಿ 118 ಜಿಬಿ ಆಯ್ತು. ಒಂದು ಕಾಪಿ ಚಿಕ್ಕಮಗಳೂರಲ್ಲಿ, ಒಂದು ಬೆಂಗಳೂರಲ್ಲಿ ಅಣ್ಣನ ಹತ್ರ, ಬೂಷ್ಟು ಇಲ್ಲದ ಜಾಗ ಅಂತ.

ಡಬ್ಬದ ತಳದಲ್ಲಿ ಇನ್ನೂ ನಾಲ್ಕು ವಿಸಿಡಿ ಉಳಿದಿದೆ. ಅದು ಡಿವಿಡಿ ಅಲ್ಲ, ಡಿಎಟಿ ಅಂತ ಫೈಲ್ ಇರುತ್ತೆ, ಮೇಕ್‌ಎಂಕೆವಿ ಅದನ್ನ ಮೂಸೂ ನೋಡಲ್ಲ. ಸದ್ಯಕ್ಕೆ ವಿಎಲ್‌ಸಿಯಲ್ಲಿ ಓಡ್ತಾ ಇದೆ, ಕಾಪಿ ಮಾಡಕ್ಕೆ ಹೋದ್ರೆ ಎರರ್ ಕೊಡ್ತಾ ಇದೆ, ಯಾರಾದ್ರೂ ಮಾಡಿದ್ರೆ ಹೇಗೆ ಅಂತ ಹೇಳಿ.