ಟ್ಯಾಂಕಿಯ ಓವರ್‌ಫ್ಲೋ ಪೈಪಿಗೆ ಮುಚ್ಚಳ ಹಾಕಲು ಬಿಡಬೇಡಿ

ತಾರಸಿಯ ನೀರಿನ ಟ್ಯಾಂಕಿಯ ಓವರ್‌ಫ್ಲೋ ಪೈಪು ತೊಟ್ಟಿಕ್ಕುತ್ತಿದೆಯೆಂದು ಕರೆಸಿದ ಪ್ಲಂಬರ್, ಅದರ ಬಾಯಿಗೆ ಎಂಡ್ ಕ್ಯಾಪ್ ಅಂಟಿಸಲು ಹೊರಟರೆ ದಯವಿಟ್ಟು ತಡೆಯಿರಿ. ಕಾಸರಗೋಡು ಜಿಲ್ಲೆಯ ಎಣ್ಮಕಜೆ, ಬಾಯಾರು, ಪೆರ್ಲದ ಆಸುಪಾಸಿನಲ್ಲಿ ಸುರಂಗದ (ನೀರಿಗಾಗಿ ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದ ಬಿಲದ) ನೀರನ್ನು ನಂಬಿರುವ ಮನೆಯವರು ಇದನ್ನು ವಿಶೇಷವಾಗಿ ಗಮನಿಸಬೇಕು.

ನಮ್ಮಲ್ಲಿ ಗುಡ್ಡದ ಸುರಂಗದ ನೀರು ಮೇಲಿನ ತೊಟ್ಟಿಯಲ್ಲಿ ಸೇರಿ, ಅಲ್ಲಿಂದ ಪೈಪಿನ ಮೂಲಕ ತನ್ನಷ್ಟಕ್ಕೆ ತಾರಸಿಯ 1,000 ಲೀಟರಿನ ಟ್ಯಾಂಕಿಗೆ ಇಳಿಯುತ್ತದೆ. ಪಂಪಿನ ಮನೆಯಲ್ಲಾದರೆ ಸ್ವಿಚ್ ಆರಿಸಿದೊಡನೆ ನೀರು ನಿಂತೀತು. ಇಲ್ಲಿ ಅದನ್ನು ತಾನಾಗಿ ತಡೆಯುವುದು ಟ್ಯಾಂಕಿಯೊಳಗಿನ ಬಾಲ್ ವಾಲ್ವ್ ಒಂದೇ; ನೀರು ಏರಿದಂತೆ ತೇಲುವ ಚೆಂಡು ತೋಳನ್ನೆತ್ತಿ ಒಳಬರುವ ನೀರನ್ನು ಮುಚ್ಚುತ್ತದೆ. ಕಳೆದ ಬೇಸಿಗೆಯಲ್ಲಿ ಓವರ್‌ಫ್ಲೋ ಪೈಪು ಹಗಲುರಾತ್ರಿ ತೊಟ್ಟಿಕ್ಕತೊಡಗಿ, ತಾರಸಿಯಲ್ಲಿ ಒಣಹಾಕಿದ್ದ ಅಡಿಕೆಯ ಒಂದು ಅಂಚು ಒದ್ದೆಯಾಗುತ್ತಿದ್ದುದರಿಂದ ಪ್ಲಂಬರನ್ನು ಕರೆಸಿದೆವು. ಅವರು ಟ್ಯಾಂಕಿಯ ಮುಚ್ಚಳವನ್ನು ತೆರೆದೂ ನೋಡದೆ ಪೈಪಿಗೆ ಕ್ಯಾಪ್ ಅಂಟಿಸಿ, "ಇನ್ನು ಒಂದು ಹನಿ ಬಿದ್ದರೆ ನನ್ನನ್ನು ಕೇಳಿ" ಎಂದು ಹಣ ಪಡೆದು ಹೋದರು. ಪೈಪಿನಿಂದ ನಿಜಕ್ಕೂ ಒಂದು ಹನಿಯೂ ಬೀಳಲಿಲ್ಲ.

ಹೋಗಲು ದಾರಿಯಿಲ್ಲದ ನೀರು ಮುಚ್ಚಳದ ಸಂದಿಯವರೆಗೆ ಏರಿ, ಒಂದು ರಾತ್ರಿ ಬಾಲ್ ವಾಲ್ವಿನೊಳಗಿನ ರಬ್ಬರ್ ವಾಶರ್ ಪೂರ್ತಿ ಕೆಟ್ಟಾಗ ಟ್ಯಾಂಕಿಯ ಸುತ್ತಲೂ ಇಳಿದು ಇಡೀ ತಾರಸಿಯಲ್ಲಿ ಹರಡಿತು. ಬಹುಪಾಲು ಒಣಗಿದ್ದ ಅಡಿಕೆಗೆ ಬೂಸ್ಟು ಹಿಡಿಯಿತು. ಚಾಲಿಯ (ಚೆನ್ನಾಗಿ ಒಣಗಿದ ಒಳ್ಳೆಯ ಅಡಿಕೆಯ) ಬೆಲೆ ಸಿಗಬೇಕಿದ್ದ ಮಾಲು ಕರಿಗೋಟಿನ (ಕೆಳದರ್ಜೆಯ ಅಡಿಕೆಯ) ಲೆಕ್ಕಕ್ಕೆ ಹೋಯಿತು. ಸ್ಲ್ಯಾಬಿನ ಬಿರುಕಿನಿಂದ ಜಿನುಗಿದ ನೀರು ಅಡುಗೆಮನೆಯ ಸ್ವಿಚ್ ಬೋರ್ಡಿನ ತನಕ ಬಂದಿದ್ದರಿಂದ ಮೈನ್ ಸ್ವಿಚ್ ಆರಿಸಬೇಕಾಯಿತು. ಪ್ಲಂಬರ್ ಮತ್ತೆ ಫೋನ್ ಎತ್ತಲಿಲ್ಲ.

ಓವರ್‌ಫ್ಲೋ ಪೈಪಿನಲ್ಲಿ ನೀರು ಬರುತ್ತಿದೆಯೆಂದರೆ ಬಾಲ್ ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲವೆಂದೇ ಅರ್ಥ. ಅದರ ತೋಳನ್ನು ಕೈಯಿಂದ ಮೇಲಕ್ಕೆತ್ತಿದಾಗ ಒಳಬರುವ ನೀರು ನಿಂತರೆ ವಾಶರ್ ಸರಿಯಿದೆ. ಚೆಂಡಿನೊಳಗೆ ನೀರು ಹೊಕ್ಕಿದೆಯೇ ಎಂದು ಅಲುಗಿಸಿ ನೋಡಬೇಕು, ಹೊಕ್ಕಿರದಿದ್ದರೆ ಓವರ್‌ಫ್ಲೋ ತೂತಿಗಿಂತ ಸುಮಾರು ಒಂದಿಂಚು ಕೆಳಗೇ ನೀರು ನಿಲ್ಲುವಂತೆ ತೋಳನ್ನು ತಗ್ಗಿಸಿದರೆ ಸಾಕು. ತೋಳೆತ್ತಿದರೂ ನೀರು ನಿಲ್ಲದಿದ್ದರೆ ಒಳಬರುವ ಪೈಪಿನಲ್ಲಿ ಕೈಯಿಂದ ತಿರುಗಿಸುವ ಗೇಟ್ ವಾಲ್ವ್ ಮುಚ್ಚಿ ಬಾಲ್ ವಾಲ್ವನ್ನು ಬಿಚ್ಚಬೇಕು. ನಮ್ಮದನ್ನು ಬಿಚ್ಚಿದಾಗ ರಬ್ಬರ್ ವಾಶರಿನಲ್ಲಿ ಉಂಗುರದ ಅಚ್ಚಿನಂತೆ ಗುಳಿ ಬಿದ್ದು ಒಂದು ಬದಿ ಹರಿದಿತ್ತು, ಆ ಗುಳಿಯಲ್ಲಿ ಸುರಂಗದ ಮರಳಿನ ಕಣಗಳು ಕೂತಿದ್ದವು. ಕೆಲವೇ ರೂಪಾಯಿಯ ವಾಶರ್ ಅದು! ಮರಳು ತಡೆಯಲು ಮೇಲಿನ ತೊಟ್ಟಿಯ ಪೈಪಿನ ಬಾಯಿಗೆ ಜಾಲರಿ ಕಟ್ಟಿ, ಅದನ್ನು ತಳದಿಂದ ಒಂದಿಷ್ಟು ಎತ್ತರಿಸಿಡುವುದು ಒಳ್ಳೆಯದು.

ಈಗಾಗಲೇ ಯಾರಾದರೂ ಕ್ಯಾಪ್ ಅಂಟಿಸಿದ್ದರೆ ಅದನ್ನು ಬಿಚ್ಚಲಾಗದು. ಕ್ಯಾಪಿನ ಹಿಂದೆ ಪೈಪನ್ನು ಕತ್ತರಿಸಿ, ಒಳಬರುವ ಪೈಪಿಗಿಂತ ದಪ್ಪದ ಪೈಪು ಜೋಡಿಸಿ, ಬಾಯಿಗೆ ಸೊಳ್ಳೆಬಲೆ ಕಟ್ಟಿ, ತುದಿಯನ್ನು ತಾರಸಿಯ ಹೊರಗೆ ಕಣ್ಣಿಗೆ ಬೀಳುವ ಕಡೆಗೆ ಇಳಿಬಿಡಬೇಕು.