ಚಳಿಯಲ್ಲಿ ಗಿಡ ಸವರಲು ಡಿಸೆಂಬರಾ, ಫೆಬ್ರವರಿಯಾ?

ಬೆಂಗಳೂರಿನ ಚಳಿ ಅಂದರೆ ರಾತ್ರಿ 15 ಡಿಗ್ರಿ ಆಸುಪಾಸು ಅಷ್ಟೆ, ಹಿಮ ಬೀಳುವುದಿಲ್ಲ. ಕತ್ತರಿ ಹಾಕಿದರೆ ಗಿಡ ಸಾಯುತ್ತದೆಂಬ ಭಯ ಬೇಡ. ಹೂವು ಯಾವಾಗ ಬೇಕು ಅನ್ನುವುದೇ ಪ್ರಶ್ನೆ.

ಮಲ್ಲಿಗೆಗೆ ಡಿಸೆಂಬರೇ ಸರಿ. ಕೆಲವು ದಿನ ನೀರು ಕಡಿಮೆ ಮಾಡಿ, ಮೊಣಕಾಲೆತ್ತರಕ್ಕೆ ಸವರಿ, ಉಳಿದ ಎಲೆ ಕಿತ್ತು, ಬುಡಕ್ಕೆ ಗೊಬ್ಬರ ಕೊಡಿ. ಮೊಗ್ಗು ಬರುವುದು ಹೊಸ ಚಿಗುರಿನ ತುದಿಯಲ್ಲಿ. ಫೆಬ್ರವರಿವರೆಗೆ ಕಾದರೆ ಬೇಸಿಗೆಯ ಮೊದಲ ಹೂವೇ ತಪ್ಪುತ್ತದೆ.

ದಾಸವಾಳಕ್ಕೆ ಫೆಬ್ರವರಿ ಕೊನೆಯೇ ಸರಿ. ಬಿಸಿಲೇರಿದಂತೆ ಬೇಗ ಚಿಗುರುತ್ತದೆ. ಡಿಸೆಂಬರಿನಲ್ಲಿ ಕತ್ತರಿಸಿದರೆ ವಾರಗಟ್ಟಲೆ ಬೋಳು, ಪೂಜೆಗೆ ಹೂವಿಲ್ಲ ಅಂತ ಅಮ್ಮನ ಗೊಣಗಾಟ ಬೇರೆ. ಹಿಟ್ಟು ತಿಗಣೆ (ಬಿಳಿ ಹಿಟ್ಟಿನಂತೆ ಮೆತ್ತಿಕೊಳ್ಳುವ ಕೀಟ) ಹಿಡಿದ ಕೊಂಬೆಗೆ ಮಾತ್ರ ಮುಹೂರ್ತ ನೋಡಬೇಡಿ, ಕಂಡ ಕೂಡಲೇ ಕತ್ತರಿಸಿ.

ಕಾಗದದ ಹೂವಿನ ಬಳ್ಳಿಗೆ ಎರಡೂ ಬೇಡ. ಅದಕ್ಕೆ ಬಣ್ಣ ಏರುವುದೇ ಆಗ. ಮಳೆಗಾಲದ ಹೊತ್ತಿಗೆ ಸವರಿಕೊಳ್ಳಿ.